ಬೆಳ್ಳುಳ್ಳಿ ಕಿತ್ತ ಮೇಲೆ



ಬೆಳ್ಳುಳ್ಳಿ ಇಲ್ಲದ ಅಡುಗೆ ಮನೆ ನಮ್ಮ ಕಡೆ ಇಲ್ಲ. ಒಗ್ಗರಣೆಗೆ ಬೇಕು. ಕೆಂಪು ಚಟ್ನಿಗೆ ಬೇಕು. ಬಾಣಂತಿಯ ಊಟಕ್ಕೂ ಬೇಕು. ಗದಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಬೆಳ್ಳುಳ್ಳಿ ಬೆಳೆಯುವ ರೈತರು ಬಹಳ. ಹಿತ್ತಲಲ್ಲಿ ಎರಡು ಮಡಿ ಮಾಡಿ ಮನೆ ಮಟ್ಟಿಗೆ ಬೆಳೆಯುವವರೂ ಇದ್ದಾರೆ.

ಬೆಳೆಯುವುದು ನಮಗೆ ಗೊತ್ತು. ಆದರೆ ಕಿತ್ತ ಮೇಲೆ ಏನು ಮಾಡಬೇಕು? ಅದನ್ನು ನಾವು ನಷ್ಟ ಮಾಡಿಕೊಂಡು ಕಲಿತೆವು. ನಿಮಗೆ ಆ ನಷ್ಟ ಆಗಬಾರದು. ಅದಕ್ಕೇ ಈ ಪಾಠ.

ನಮಗೆ ಆದದ್ದು

ನಾವು ಗದಗ ಸೀಮೆಯ ಒಂದು ಸಣ್ಣ ಊರಿನ ಮಹಿಳಾ ಸಂಘದವರು. 2023ರಲ್ಲಿ ಐದು ಗುಂಟೆ ಜಾಗದಲ್ಲಿ ಜವಾರಿ ಬೆಳ್ಳುಳ್ಳಿ ಊರಿದೆವು. ಬಾವಿಯ ನೀರಿತ್ತು. ಬೆಳೆ ಚೆನ್ನಾಗಿಯೇ ಬಂತು.

2024ರ ಫೆಬ್ರವರಿಯಲ್ಲಿ ಬೆಳ್ಳುಳ್ಳಿ ಬೆಲೆ ಏರಿತು. ಹಲವು ಊರುಗಳಲ್ಲಿ ಕಿಲೋಗೆ 400 ರೂಪಾಯಿ ದಾಟಿತು. ನಮಗೆ ಅವಸರ ಹತ್ತಿತು. ಎಲ್ಲರೂ ಕೂಡಿ ಕೀಳಲು ಹೋದೆವು. ಆಗ ಬದುವಿನ ಮೇಲೆ ಕುಳಿತಿದ್ದ ಆಯಿ ಕೇಳಿದರು:

"ಯಾಕವ್ವಾ, ಇನ್ನಾ ಎಲಿ ಹಸರ ಅದಾವಲ್ಲ. ಇಷ್ಟ ಲಗೂನ ಯಾಕ ಕೀಳಾಕತ್ತೀರಿ?"

"ರೇಟ್ ಐತಿ ಆಯಿ. ನಾಳೆ ಇಳದ್ರ ಏನ್ ಮಾಡೂದು?"

"ಯಾವಾಗ ಊರಿದ್ರಿ? ನಾಕ ತಿಂಗಳಾತೇನು?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಒಬ್ಬಾಕೆ ದೀಪಾವಳಿಗೆ ಮುಂಚೆ ಎಂದಳು. ಇನ್ನೊಬ್ಬಾಕೆ ದೀಪಾವಳಿ ಆದ ಮೇಲೆ ಎಂದಳು. ಯಾರೂ ಬರೆದಿಟ್ಟಿರಲಿಲ್ಲ. ಆಗ ನಮಗೆ ಬರೆಯಲು ಬರುತ್ತಿರಲಿಲ್ಲ.

ಆಯಿ ಮಾತು ಕೇಳಲಿಲ್ಲ. ಕಿತ್ತೇಬಿಟ್ಟೆವು. ಹಸಿ ಗಡ್ಡೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಹೊಲಿದೆವು. ಐದು ಚೀಲ ಆಯಿತು. ಕೊಳ್ಳುವವರು ನಾಳೆ ಬರುತ್ತೇವೆ, ನಾಡಿದ್ದು ಬರುತ್ತೇವೆ ಎಂದರು. ಮೂರು ವಾರ ಕಳೆಯಿತು. ಚೀಲ ಬಿಚ್ಚಿದಾಗ ಮೂಗು ಮುಚ್ಚಿಕೊಂಡೆವು. ಒಳಗೆ ಬಿಸಿಯಾಗಿತ್ತು. ಗಡ್ಡೆ ಮೆತ್ತಗಾಗಿ ಬೂಷ್ಟು ಹಿಡಿದಿತ್ತು. ಎರಡು ಚೀಲ ತಿಪ್ಪೆಗೆ ಹೋಯಿತು. ಉಳಿದದ್ದನ್ನು ಕೇಳಿದ ಬೆಲೆಗೆ ಕೊಟ್ಟೆವು.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಬೀಜಕ್ಕೆ ಒಂದು ಗಡ್ಡೆಯೂ ಉಳಿಯಲಿಲ್ಲ. ಮುಂದಿನ ಬೆಳೆಗೆ 25 ಕಿಲೋ ಬೀಜ ಬೇಕಿತ್ತು. ಸಂಘದಲ್ಲಿ ಸಾಲ ತೆಗೆದು ಕೊಂಡೆವು.

ಆ ವರ್ಷವೇ ಸಂಜೆ ಕಲಿಕಾ ಕೇಂದ್ರಕ್ಕೆ ಹೋಗಲು ಶುರು ಮಾಡಿದೆವು.

ಯಾವಾಗ ಕೀಳಬೇಕು?

ಊರಿದ ದಿನದಿಂದ ಸುಮಾರು 4 ತಿಂಗಳಿಗೆ ಬೆಳ್ಳುಳ್ಳಿ ಕೀಳಲು ಬರುತ್ತದೆ. ತಳಿ ಮತ್ತು ಹವೆ ನೋಡಿ ಒಂದೆರಡು ವಾರ ಹೆಚ್ಚು ಕಡಿಮೆ ಆಗಬಹುದು. ಹಿಂಗಾರಿನಲ್ಲಿ ಅಕ್ಟೋಬರ್, ನವೆಂಬರ್‌ನಲ್ಲಿ ಊರಿದರೆ ಫೆಬ್ರವರಿ, ಮಾರ್ಚ್‌ನಲ್ಲಿ ಕೀಳುತ್ತೇವೆ.

ಬರೀ ದಿನ ಎಣಿಸಿದರೆ ಸಾಲದು. ಗಿಡವನ್ನೂ ನೋಡಬೇಕು.

ಮೊದಲು ಕೆಳಗಿನ ಎಲೆಗಳು ಒಣಗುತ್ತವೆ. ಮೇಲಿನ ಎಲೆಗಳು ಹಳದಿ ಆಗುತ್ತವೆ. ಗಿಡ ಬಾಗುತ್ತದೆ. ಆಗ ನಾಲ್ಕು ಕಡೆ ಒಂದೊಂದು ಗಡ್ಡೆ ಕಿತ್ತು ಅಡ್ಡಲಾಗಿ ಕೊಯ್ದು ನೋಡಿ. ಎಸಳುಗಳು ತುಂಬಿಕೊಂಡು ಬೇರೆ ಬೇರೆಯಾಗಿ ಕಾಣಬೇಕು. ಮೇಲಿನ ಸಿಪ್ಪೆ ಬಿಗಿಯಾಗಿರಬೇಕು.

ಬೇಗ ಕಿತ್ತರೆ ಎಸಳು ತುಂಬಿರುವುದಿಲ್ಲ. ಸಿಪ್ಪೆ ಹಸಿ ಇರುತ್ತದೆ. ಗಡ್ಡೆ ಬೇಗ ಕೊಳೆಯುತ್ತದೆ. ತಡ ಮಾಡಿದರೂ ತಪ್ಪೇ. ಮಣ್ಣಿನಲ್ಲೇ ಸಿಪ್ಪೆ ಕೊಳೆತು ಗಡ್ಡೆ ಒಡೆದು ಎಸಳು ಬಿಚ್ಚಿಕೊಳ್ಳುತ್ತದೆ. ಒಡೆದ ಗಡ್ಡೆ ಬಹಳ ದಿನ ಉಳಿಯುವುದಿಲ್ಲ.

ಎಲೆಗೂ ಸಿಪ್ಪೆಗೂ ಒಂದು ನಂಟು ಇದೆ. ಎಲೆಯ ಬುಡವೇ ಗಡ್ಡೆಗೆ ಸುತ್ತಿಕೊಂಡು ಸಿಪ್ಪೆ ಆಗುತ್ತದೆ. ಎಲ್ಲ ಎಲೆಯೂ ಪೂರ್ತಿ ಒಣಗಿ ಹೋದರೆ ಗಡ್ಡೆಯನ್ನು ಕಾಯುವ ಸಿಪ್ಪೆಯೂ ಹಾಳಾಗುತ್ತದೆ. ಅದಕ್ಕೇ ಮೇಲೆ ಸ್ವಲ್ಪ ಹಸಿರು ಇರುವಾಗಲೇ ಕೀಳಬೇಕು.

ಕೀಳುವುದಕ್ಕೆ 10ರಿಂದ 15 ದಿನ ಮೊದಲು ನೀರು ನಿಲ್ಲಿಸಿ. ಒದ್ದೆ ಮಣ್ಣಿನಿಂದ ಕಿತ್ತ ಗಡ್ಡೆ ಬೇಗ ಒಣಗುವುದಿಲ್ಲ.

ಹೇಗೆ ಕೀಳಬೇಕು?

ಮಣ್ಣು ಗಟ್ಟಿ ಇದ್ದರೆ ಎಲೆ ಹಿಡಿದು ಜಗ್ಗಬೇಡಿ. ಎಲೆ ಕೈಗೆ ಬಂದು ಗಡ್ಡೆ ಒಳಗೇ ಉಳಿಯುತ್ತದೆ. ಕುರ್ಪಿಯಿಂದ ಪಕ್ಕದ ಮಣ್ಣು ಸಡಿಲ ಮಾಡಿ, ಆಮೇಲೆ ಎತ್ತಿ. ಕುರ್ಪಿ ಗಡ್ಡೆಗೆ ತಾಗಬಾರದು.

ಅಂಟಿದ ಮಣ್ಣನ್ನು ಕೈಯಿಂದ ಮೆಲ್ಲಗೆ ಉದುರಿಸಿ. ಗಡ್ಡೆಗೆ ಗಡ್ಡೆ ಬಡಿಯಬೇಡಿ. ದೂರದಿಂದ ಬುಟ್ಟಿಗೆ ಎಸೆಯಬೇಡಿ. ಪೆಟ್ಟು ಹೊರಗೆ ಕಾಣುವುದಿಲ್ಲ. ಆದರೆ ಪೆಟ್ಟು ಬಿದ್ದ ಎಸಳಿನಿಂದಲೇ ಕೊಳೆ ಶುರುವಾಗುತ್ತದೆ.

ನೀರಿನಲ್ಲಿ ತೊಳೆಯಲೇಬೇಡಿ. ಒಣಗಿದ ಮೇಲೆ ಮಣ್ಣು ತಾನಾಗಿ ಉದುರುತ್ತದೆ.

ಒಣಗಿಸುವುದು

ಮೊದಲು ಎರಡು ಮೂರು ದಿನ ಹೊಲದಲ್ಲೇ ಬಿಡಬಹುದು. ಸಾಲಾಗಿ ಮಲಗಿಸಿ. ಒಂದು ಸಾಲಿನ ಗಡ್ಡೆಯ ಮೇಲೆ ಇನ್ನೊಂದು ಸಾಲಿನ ಎಲೆ ಬರಬೇಕು, ಮನೆಗೆ ಹಂಚು ಹೊದಿಸಿದ ಹಾಗೆ. ಗಡ್ಡೆಗೆ ನೇರ ಬಿಸಿಲು ಬೀಳಬಾರದು. ಮಾರ್ಚ್ ಬಿಸಿಲಿಗೆ ಹಸಿ ಎಸಳು ಬೆಂದ ಹಾಗೆ ಆಗುತ್ತದೆ. ಮಳೆ ಮೋಡ ಕಂಡರೆ ಹೊಲದಲ್ಲಿ ಬಿಡಬೇಡಿ. ಕೂಡಲೇ ಒಳಗೆ ತನ್ನಿ.

ಆಮೇಲೆ ನೆರಳಿಗೆ ತರಬೇಕು. ಗಾಳಿ ಆಡುವ ಪಡಸಾಲೆ, ದನದ ಕೊಟ್ಟಿಗೆಯ ಅಟ್ಟ, ಮರದ ಕೆಳಗೆ ಹಾಕಿದ ಚಪ್ಪರ, ಯಾವುದಾದರೂ ಆಗುತ್ತದೆ. ಎಲೆ ಕತ್ತರಿಸದೆ 20, 25 ಗಿಡಗಳನ್ನು ಸೇರಿಸಿ ಸೂಡು ಕಟ್ಟಿ. ಗಳಕ್ಕೆ ತೂಗುಹಾಕಿ. ಸೂಡಿಗೂ ಸೂಡಿಗೂ ನಡುವೆ ಗಾಳಿ ಓಡಾಡಲು ಜಾಗ ಇರಲಿ.

ನೆರಳಿನಲ್ಲಿ ಎರಡು ವಾರ ಬೇಕು. ಹವೆ ತಂಪಾಗಿದ್ದರೆ ಮೂರು ವಾರವೂ ಬೇಕಾಗುತ್ತದೆ. ಎಲೆಯಲ್ಲಿ ಉಳಿದ ನೀರು, ಕುತ್ತಿಗೆಯ ನೀರು ಆರಿ ಹೋಗಬೇಕು. ಕುತ್ತಿಗೆ ಎಂದರೆ ಗಡ್ಡೆಯೂ ದಂಟೂ ಸೇರುವ ಜಾಗ. ಕೊಳೆ ಹೆಚ್ಚಾಗಿ ಈ ಬಾಗಿಲಿನಿಂದಲೇ ಒಳಗೆ ಹೋಗುತ್ತದೆ. ಕುತ್ತಿಗೆ ಒಣಗಿದರೆ ಬಾಗಿಲು ಮುಚ್ಚಿದ ಹಾಗೆ.

ಒಣಗಿದೆ ಎಂದು ಹೇಗೆ ತಿಳಿಯಬೇಕು?

• ಸಿಪ್ಪೆ ಕಾಗದದ ಹಾಗೆ ಸರಸರ ಎನ್ನುತ್ತದೆ.
• ಕುತ್ತಿಗೆ ಹಿಸುಕಿದರೆ ಗಟ್ಟಿಯಾಗಿ, ತೆಳ್ಳಗೆ ಇರುತ್ತದೆ. ಜಾರುವುದಿಲ್ಲ.
• ಬೇರು ಮುಟ್ಟಿದರೆ ಮುರಿಯುತ್ತದೆ.
• ಒಂದು ದಂಟು ಕತ್ತರಿಸಿದರೆ ಒಳಗೆ ಹಸಿ ಕಾಣುವುದಿಲ್ಲ.

ಈ ನಾಲ್ಕೂ ಸರಿ ಇದ್ದರೆ ಮುಂದಿನ ಕೆಲಸ. ಒಂದು ಸರಿ ಇಲ್ಲದಿದ್ದರೂ ಇನ್ನೊಂದು ವಾರ ಬಿಡಿ.

ಕತ್ತರಿಸುವುದು, ಆರಿಸುವುದು

ದಂಟನ್ನು ಗಡ್ಡೆಯ ಮೇಲೆ 2 ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಅಂದರೆ ಸುಮಾರು ಒಂದು ಬೆರಳಿನ ಅಗಲ. ಬೇರನ್ನೂ ಕತ್ತರಿಸಿ. ಸಿಪ್ಪೆ ಬಿಳುಪಾಗಿ ಕಾಣಲಿ ಎಂದು ಬಹಳ ಸುಲಿಯಬೇಡಿ. ಸಿಪ್ಪೆಯೇ ಗಡ್ಡೆಯ ಹೊದಿಕೆ. ಸೂಡಿನಲ್ಲೇ ತೂಗುಹಾಕಿ ಇಡುವುದಾದರೆ ಎಲೆ ಕತ್ತರಿಸುವುದೇ ಬೇಡ.

ನಂತರ ಮೂರು ಪಾಲು ಮಾಡಿ.

1. ಒಡೆದದ್ದು, ಪೆಟ್ಟು ಬಿದ್ದದ್ದು, ಕುತ್ತಿಗೆ ದಪ್ಪ ಇರುವುದು: ಮನೆಯಲ್ಲಿ ಮೊದಲು ಬಳಸಿ.
2. ಗಟ್ಟಿ, ಮಧ್ಯಮ ಗಡ್ಡೆ: ಮಾರಾಟಕ್ಕೆ.
3. ಎಲ್ಲಕ್ಕಿಂತ ದೊಡ್ಡ, ರೋಗವಿಲ್ಲದ ಗಡ್ಡೆ: ಬೀಜಕ್ಕೆ.

ದೊಡ್ಡದನ್ನು ಮಾರಿ ಸಣ್ಣದನ್ನು ಬೀಜಕ್ಕೆ ಇಡುವ ಆಸೆ ಬರುತ್ತದೆ. ನಮಗೂ ಬಂದಿತ್ತು. ಆದರೆ ಬೆಳ್ಳುಳ್ಳಿಯಲ್ಲಿ ಎಸಳೇ ಬೀಜ. ದಪ್ಪ ಎಸಳು ಊರಿದರೆ ದಪ್ಪ ಗಡ್ಡೆ ಬರುವ ಸಾಧ್ಯತೆ ಹೆಚ್ಚು. ರೋಗದ ಗಡ್ಡೆ ಇಟ್ಟರೆ ರೋಗವನ್ನೇ ಊರಿದ ಹಾಗೆ.

ಬೀಜದ ಗಡ್ಡೆಯನ್ನು ಬಿಡಿಸಬೇಡಿ. ಊರುವ ಹೊತ್ತಿಗೆ ಬಿಡಿಸಿದರೆ ಸಾಕು.

ಎಲ್ಲಿ ಇಡಬೇಕು?

ಗಾಳಿ, ನೆರಳು, ಒಣ ಜಾಗ. ಈ ಮೂರು ಇರಬೇಕು. ನಮ್ಮ ಹಿರಿಯರು ಜಂತಿಗೆ ಗಳ ಕಟ್ಟಿ ಸೂಡು ತೂಗುಹಾಕುತ್ತಿದ್ದರು. ಅದು ಈಗಲೂ ಒಳ್ಳೆಯ ಪದ್ಧತಿ. ಬಿದಿರು ಬುಟ್ಟಿ ಅಥವಾ ಜಾಳಿಗೆ ಚೀಲವೂ ಆಗುತ್ತದೆ. ಗಾಳಿ ಆಡದ ಪ್ಲಾಸ್ಟಿಕ್ ಚೀಲ ಬೇಡ. ಒದ್ದೆ ನೆಲದ ಮೇಲೆ ಇಡಬೇಡಿ. ಬೀಜದ ಗಡ್ಡೆಯನ್ನು ಫ್ರಿಜ್‌ನಲ್ಲಿ ಇಡಬೇಡಿ. ತಂಪಿಗೆ ಮೊಳಕೆ ಬರುತ್ತದೆ.

15 ದಿನಕ್ಕೊಮ್ಮೆ ಕೈಯಾಡಿಸಿ ನೋಡಿ. ಮೆತ್ತಗಾದದ್ದನ್ನು ತೆಗೆದುಹಾಕಿ. ಒಂದು ಕೊಳೆತರೆ ಪಕ್ಕದ್ದಕ್ಕೂ ಹತ್ತುತ್ತದೆ.

ತಳಿ, ರೋಗದ ಬಗ್ಗೆ ಕೇಳುವುದಿದ್ದರೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಗದಗ ಜಿಲ್ಲೆಯವರಿಗೆ ಇದು ಹುಲಕೋಟಿಯಲ್ಲಿದೆ. ಕೇಳಲು ನಾಚಿಕೆ ಬೇಡ.

ನಮ್ಮ ವಹಿ

ಮರುವರ್ಷ ನಾವು ಒಂದು ವಹಿ ಇಟ್ಟೆವು. ಅಕ್ಷರ ಸೊಟ್ಟ ಇದ್ದವು. ಆದರೆ ನಾವೇ ಬರೆದದ್ದು. ಅದರಲ್ಲಿ ಹೀಗಿದೆ:

ಊರಿದ್ದು: 6-11-2024
ನೀರು ನಿಲ್ಲಿಸಿದ್ದು: 22-2-2025
ಕಿತ್ತದ್ದು: 8-3-2025
ನೆರಳಿಗೆ ತಂದದ್ದು: 10-3-2025
ದಂಟು ಕತ್ತರಿಸಿದ್ದು: 26-3-2025

ಆ ವರ್ಷ ರೇಟು ಹಿಂದಿನಷ್ಟು ಇರಲಿಲ್ಲ. ಆದರೆ ಒಂದು ಚೀಲವೂ ಕೊಳೆಯಲಿಲ್ಲ. ಬೇಕಾದಾಗ ಬೇಕಾದಷ್ಟೇ ಮಾರಿದೆವು. ಇವತ್ತೇ ಮಾರಬೇಕು ಎಂಬ ಭಯ ಇರಲಿಲ್ಲ. ತೂಕದ ಚೀಟಿಯನ್ನು ನಾವೇ ಓದಿದೆವು. ಸಾಲ ತೀರಿತು. ಬೀಜಕ್ಕೆ 25 ಕಿಲೋ ಜಂತಿಗೆ ಏರಿತು.

ಆಯಿ ಬಂದು ಜಂತಿ ನೋಡಿದರು. "ಈಗ ಬಳ್ಳೊಳ್ಳಿ ನಿಮ್ಮದಾತು ನೋಡ್ರವಾ" ಎಂದರು. ವಹಿಯನ್ನೂ ಕೈಗೆ ತೆಗೆದುಕೊಂಡರು. "ಇದರಾಗ ಏನ್ ಬರದೀರಿ, ನನಗೂ ಓದಿ ಹೇಳ್ರಿ" ಎಂದರು. ನಾವು ಓದಿ ಹೇಳಿದೆವು.

ಲೆಕ್ಕ ಮಾಡೋಣ

(ಇಲ್ಲಿನ ತೂಕ, ಬೆಲೆ ಲೆಕ್ಕಕ್ಕೆ ಮಾತ್ರ. ನಿಮ್ಮ ಊರಿನ ಬೆಲೆ ಹಾಕಿಯೂ ಮಾಡಿ ನೋಡಿ.)

1. ಹಸಿ ಬೆಳ್ಳುಳ್ಳಿ 50 ಕಿಲೋ. ಕಿಲೋಗೆ 60 ರೂಪಾಯಿಯಂತೆ ಮಾರಿದರೆ ಎಷ್ಟು ಬರುತ್ತದೆ?
2. ಅದೇ ಬೆಳ್ಳುಳ್ಳಿ ಒಣಗಿ 35 ಕಿಲೋ ಆಯಿತು. 5 ಕಿಲೋ ಬೀಜಕ್ಕೆ ಇಟ್ಟೆವು. ಉಳಿದ 30 ಕಿಲೋವನ್ನು ಕಿಲೋಗೆ 100 ರೂಪಾಯಿಯಂತೆ ಮಾರಿದರೆ ಎಷ್ಟು ಬರುತ್ತದೆ?
3. ಎರಡರಲ್ಲಿ ಯಾವುದು ಲಾಭ? ಯಾಕೆ?
4. ಒಂದು ಗಡ್ಡೆಯಲ್ಲಿ ಊರಲು ಬರುವ 12 ಎಸಳು ಇವೆ. 1200 ಎಸಳು ಊರಬೇಕು. ಎಷ್ಟು ಗಡ್ಡೆ ಬೇಕು?
5. ನಮ್ಮ ವಹಿ ನೋಡಿ. ಊರಿದ ದಿನದಿಂದ ಕಿತ್ತ ದಿನಕ್ಕೆ ಎಷ್ಟು ದಿನ ಆಯಿತು? ಕ್ಯಾಲೆಂಡರ್ ಹಿಡಿದು ಎಣಿಸಿ.

ಉತ್ತರ: 1) 3000 ರೂಪಾಯಿ. 2) 3000 ರೂಪಾಯಿ. 3) ಎರಡನೆಯದು. ಹಣ ಅಷ್ಟೇ ಬಂತು, ಬೀಜವೂ ಮನೆಯಲ್ಲಿ ಉಳಿಯಿತು. 4) 100 ಗಡ್ಡೆ. 5) 122 ದಿನ.

ಕೂಡಿ ಮಾತಾಡೋಣ

1. ನಿಮ್ಮ ಮನೆಯಲ್ಲಿ ಬೆಳ್ಳುಳ್ಳಿ, ಉಳ್ಳಾಗಡ್ಡಿ ಎಲ್ಲಿ ಇಡುತ್ತೀರಿ? ಕೊಳೆತದ್ದು ಉಂಟೇ? ಯಾಕೆ ಕೊಳೆಯಿತು?
2. ಬೆಲೆ ಏರಿದಾಗ ಹಸಿಯಾಗಿಯೇ ಮಾರಬೇಕೋ, ಒಣಗಿಸಿ ಇಡಬೇಕೋ? ಸಂಘದಲ್ಲಿ ಚರ್ಚೆ ಮಾಡಿ.

ಬರೆಯೋಣ

ನಿಮ್ಮ ಹಿತ್ತಲಿನ ಒಂದು ಬೆಳೆ ಆರಿಸಿ. ಅದರ ಹೆಸರು, ಊರಿದ ದಿನ, ಕೀಳುವ ದಿನ ಬರೆಯಿರಿ. ಆ ಚೀಟಿಯನ್ನು ಅಡುಗೆ ಮನೆಯ ಗೋಡೆಗೆ ಅಂಟಿಸಿ.