ಸಮಚ್ಛೇದವೂ ನಿರುದ್ಧವೂ

ಗದಗ-ಬೆಟಗೇರಿಯಲ್ಲಿ ನೇಕಾರಿಕೆ ಹೆಸರಾದ ಕಸುಬು. ಅಲ್ಲಿಯ ಒಬ್ಬ ನೇಕಾರನು ಒಪ್ಪಿಕೊಂಡ ಸೀರೆಗಳನ್ನು ‘ಕ’ ದಿನಗಳಲ್ಲಿ ನೇಯ್ದು ಮುಗಿಸುವನೆಂದೂ, ಹೊಸದಾಗಿ ಮಗ್ಗಕ್ಕೆ ಕುಳಿತ ಇನ್ನೊಬ್ಬನಿಗೆ ಅಷ್ಟೇ ಕೆಲಸಕ್ಕೆ 3 ದಿನ ಹೆಚ್ಚು ಬೇಕೆಂದೂ ಇಟ್ಟುಕೊಳ್ಳಬಹುದು. ಒಂದು ದಿನದಲ್ಲಿ ಮೊದಲನೆಯವನು ಕೆಲಸದ 1/ಕ ಭಾಗವನ್ನೂ ಎರಡನೆಯವನು 1/(ಕ+3) ಭಾಗವನ್ನೂ ಮುಗಿಸುವರು. ಎರಡು ಮಗ್ಗಗಳೂ ನಡೆದರೆ ದಿನಕ್ಕೆ ಆಗುವ ಕೆಲಸವೆಷ್ಟು?

ಅಂಶಕ್ಕೆ ಅಂಶವನ್ನು, ಛೇದಕ್ಕೆ ಛೇದವನ್ನು ಕೂಡಿಸಿ 2/(2ಕ+3) ಎಂದು ಬರೆಯುವ ವಿದ್ಯಾರ್ಥಿಗಳು ವಿರಳರಲ್ಲ. ಕ = 3 ಎಂದು ಹಾಕಿ ನೋಡಿದರೆ ಈ ಉತ್ತರ 2/9 ಆಗುತ್ತದೆ. ಮೊದಲನೆಯವನೊಬ್ಬನೇ 1/3, ಅಂದರೆ 3/9 ಭಾಗವನ್ನು ನೇಯುತ್ತಾನೆ! ಜೊತೆಗೊಬ್ಬನು ಸೇರಿದರೆ ಕೆಲಸ ಕಡಿಮೆಯಾಗುವುದುಂಟೆ? ಛೇದವು ತುಂಡಿನ ಅಳತೆಯನ್ನು ಹೇಳುತ್ತದೆ. ಅಳತೆ ಒಂದಾಗದೆ ತುಂಡುಗಳನ್ನು ಎಣಿಸಲಾಗದು. ಆದುದರಿಂದ ಎರಡನ್ನೂ ಕ(ಕ+3) ಎಂಬ ಒಂದೇ ಛೇದಕ್ಕೆ ತರಬೇಕು. ಆಗ ಮೊತ್ತವು (2ಕ+3)/ಕ(ಕ+3). ಕ = 3 ಆದಾಗ ಇದು 9/18, ಅಂದರೆ ಅರ್ಧ.

ಛೇದಗಳನ್ನು ಗುಣಿಸಿಬಿಡುವುದು ಎಲ್ಲೆಡೆಯೂ ಸುಲಭವಲ್ಲ. 1/12 ಮತ್ತು 1/18 ಇವುಗಳನ್ನು ಕೂಡಿಸಲು 216ರವರೆಗೆ ಹೋಗಬೇಕಿಲ್ಲ. 12 ಮತ್ತು 18ಕ್ಕೆ ಸಾಮಾನ್ಯ ಅಪವರ್ತನ 6. ಉಳಿಯುವ ಭಾಗಲಬ್ಧಗಳು 2 ಮತ್ತು 3. ಈ ಮೂರರ ಗುಣಲಬ್ಧ 36. ಮೊತ್ತ 5/36. ಈ 36ನ್ನು ಇಂದು ಲಘುತಮ ಸಾಮಾನ್ಯ ಅಪವರ್ತ್ಯವೆನ್ನುತ್ತಾರೆ. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕೆ ‘ನಿರುದ್ಧ’ವೆಂಬ ಚಿಕ್ಕ, ಚೊಕ್ಕ ಹೆಸರಿದೆ. ಆತನು ತನ್ನ ಗ್ರಂಥದ ಆರಂಭದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾನೆ. ಅದೇ ದೊರೆಯ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನೆಲೆಗಳಲ್ಲಿ ಪುಲಿಗೆರೆಯನ್ನು, ಅಂದರೆ ಇಂದಿನ ಲಕ್ಷ್ಮೇಶ್ವರವನ್ನು ಎಣಿಸಿದೆ. 1912ರಲ್ಲಿ ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು.

ಬೀಜೋಕ್ತಿಗಳಲ್ಲಿಯೂ ನಿರುದ್ಧವನ್ನು ಕಾಣುವ ಬಗೆ ಇದೇ. 2/(ಕ²−9) ರಿಂದ 1/(ಕ²+3ಕ) ಕಳೆಯಬೇಕಾಗಿದೆ. ಮೊದಲ ಛೇದ (ಕ+3)(ಕ−3), ಎರಡನೆಯದು ಕ(ಕ+3). ಸಾಮಾನ್ಯ ಅಪವರ್ತನ (ಕ+3); ಉಳಿದವು (ಕ−3) ಮತ್ತು ಕ. ಆದುದರಿಂದ ನಿರುದ್ಧವು ಕ(ಕ+3)(ಕ−3). ಅಂಶವು 2ಕ − (ಕ−3).

ಎಚ್ಚರ ಬೇಕಾದುದು ಇಲ್ಲಿ. ಆವರಣ ಬಿಡಿಸುವಾಗ ಒಳಗಿನ ಎರಡೂ ಪದಗಳ ಚಿಹ್ನೆ ಬದಲಾಗಬೇಕು. ಅಂಶವು ಕ+3 ಆಗಿ, ಉತ್ತರವು 1/ಕ(ಕ−3) ಎಂದು ಬರುತ್ತದೆ. ಚಿಹ್ನೆಯನ್ನು ಮರೆತವನಿಗೆ ಅಂಶವು ಕ−3 ಆಗಿ, 1/ಕ(ಕ+3) ಎಂಬ ಅಷ್ಟೇ ಅಂದವಾದ ತಪ್ಪು ಉತ್ತರ ದೊರೆಯುತ್ತದೆ! ನೋಟದಿಂದ ಇವೆರಡನ್ನೂ ಬೇರ್ಪಡಿಸಲಾಗದು. ಕ = 6 ಎಂದಿಟ್ಟರೆ ಮೂಲ ಲೆಕ್ಕವು 2/27 − 1/54, ಅಂದರೆ 1/18. ಸರಿಯುತ್ತರವೂ 1/18, ತಪ್ಪುತ್ತರ 1/54.

ಪರೀಕ್ಷೆಗೆ ಯಾವ ಸಂಖ್ಯೆಯನ್ನಾದರೂ ಹಾಕಬಹುದೆಂದಲ್ಲ. ಕ ಬೆಲೆ 0, 3 ಅಥವಾ −3 ಆದರೆ ಛೇದವು ಸೊನ್ನೆಯಾಗುತ್ತದೆ. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುವುದೆಂದು ಮಹಾವೀರಾಚಾರ್ಯನು ಹೇಳಿದ್ದನು. ಇಂದಿನ ಗಣಿತ ಆತನ ನಿರುದ್ಧವನ್ನು ಉಳಿಸಿಕೊಂಡು, ಈ ಮಾತನ್ನು ಕೈಬಿಟ್ಟಿದೆ. ಸೊನ್ನೆಯಿಂದ ಭಾಗಾಕಾರಕ್ಕೆ ಅಲ್ಲಿ ಅರ್ಥವೇ ಇಲ್ಲ.