ಹೊಲದಲ್ಲೇ ತಳಿ ಸಂರಕ್ಷಣೆ: ರಾಮಗಿರಿ ಸೀಮೆಯಿಂದ ಒಂದು ಟಿಪ್ಪಣಿ

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಂಥ ಮಳೆಯಾಶ್ರಿತ ಸೀಮೆಯಲ್ಲಿ ರಾಗಿಯ ನಡುವೆ ತೊಗರಿ, ಅವರೆ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕಿ, ಒಳ್ಳೆಯ ತೆನೆಯನ್ನು ಬಿತ್ತನೆಗೆ ಎತ್ತಿಡುವುದು ಹಳೆಯ ರೂಢಿ. ಪರೀಕ್ಷೆಯ ಭಾಷೆಯಲ್ಲಿ ಇದು ಸ್ವಸ್ಥಾನ ಸಂರಕ್ಷಣೆ. ಶೀತಲ ಬೀಜಕೋಶದಲ್ಲಿ ಕಾಯ್ದಿಡುವುದು ಪರಸ್ಥಾನ ಸಂರಕ್ಷಣೆ. ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೊ (1976) ಅದಕ್ಕೆ ಉದಾಹರಣೆ. ವ್ಯತ್ಯಾಸ ಕೇಳಿದರೆ ಹೀಗೆ ಬರೆಯಿರಿ: ಬೀಜಕೋಶದಲ್ಲಿ ತಳಿ ನಿದ್ರಿಸುತ್ತದೆ, ಹೊಲದಲ್ಲಿ ಬರ, ಕೀಟ, ರೋಗಗಳೊಡನೆ ಸೆಣಸುತ್ತ ವಿಕಾಸಗೊಳ್ಳುತ್ತದೆ.

ನಾಟಿ ತಳಿಗಳಿಂದ ಲಾಭವೇನು? ಹೊಸ ತಳಿಗಳಿಗೆ ಅವೇ ಮೂಲ. ರಾಗಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತ–ಆಫ್ರಿಕಾದ ರಾಗಿಗಳನ್ನು ಸಂಕರಿಸಿ ‘ಇಂಡಾಫ್’ (ಇಂಡಿಯಾ–ಆಫ್ರಿಕಾ) ತಳಿಗಳನ್ನು ಕೊಟ್ಟರು, ಹೆಸರಿನಲ್ಲೇ ಉತ್ತರವಿದೆ. ಕಾಡುಬಂಧುಗಳೂ ಹಾಗೆಯೇ: ತೊಗರಿಯ ಕಾಡುಬಂಧು ಕಜಾನಸ್ ಕಜಾನಿಫೋಲಿಯಸ್ ಇಲ್ಲದಿದ್ದರೆ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಐಸಿಪಿಎಚ್ 2671 ಸಂಕರ ತಳಿ ಹುಟ್ಟುತ್ತಿರಲಿಲ್ಲ. ಹಾಗಾಗಿ ಬದುವಿನ ‘ಕಳೆ’ಯನ್ನು ಹಗುರವಾಗಿ ಕಾಣಬಾರದು.

ಕಾನೂನು: ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001. ಇದರ 39ನೇ ಕಲಮಿನಂತೆ ರೈತರು ಬೀಜ ಉಳಿಸಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಆದರೆ ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಚ್ಚಿ ಮಾರುವಂತಿಲ್ಲ. ಜೀವವೈವಿಧ್ಯ ಕಾಯ್ದೆ 2002ರದು. ಎರಡರ ಇಸವಿಯನ್ನು ಅದಲುಬದಲು ಮಾಡಿಕೊಳ್ಳಬೇಡಿ.