ಬಾವುಟ ಬ್ಯಾಗಿನ ಮೇಲೋ, ಒಳಗೋ?

ವಿದೇಶಕ್ಕೆ ಹೊರಡುವ ಮನೆಗಳಲ್ಲಿ ವೀಸಾ, ವಿಮೆ, ಮಾತ್ರೆ, ಚಟ್ನಿಪುಡಿ ಎಲ್ಲಕ್ಕೂ ಪಟ್ಟಿ ಇರುತ್ತದೆ. ತ್ರಿವರ್ಣದ ಟೀ ಶರ್ಟು, ಟೋಪಿ, ಬ್ಯಾಗಿಗೆ ಹೊಲಿಸಿಕೊಂಡ ಪುಟ್ಟ ಬಾವುಟದ ವಿಷಯಕ್ಕೆ ಬಂದರೆ ಪಟ್ಟಿಯೂ ಇಲ್ಲ, ಯೋಚನೆಯೂ ಇಲ್ಲ. ಕೈಗೆ ಸಿಕ್ಕರೆ ಹೊರಟಿತು, ಇಲ್ಲದಿದ್ದರೆ ಇಲ್ಲ. ಆದರೆ ಪರದೇಶದಲ್ಲಿ ದೇಶದ ಗುರುತು ತೋರಿಸುವುದೆಂದರೆ ಅಪರಿಚಿತರಿಗೆ ಕಾಗದ ಬರೆದಂತೆ. ಓದುವವರು ಯಾರು, ಓದಿ ಅವರು ಏನು ಮಾಡಬೇಕು ಎಂಬುದು ಬರೆಯುವವರಿಗೆ ಗೊತ್ತಿರಬೇಕು. ವಲಸೆ ಅಧಿಕಾರಿ, ರಾಯಭಾರ ಕಚೇರಿ, ಕ್ರೀಡಾಂಗಣದ ಪಕ್ಕದ ಸೀಟಿನವರು, ರಾತ್ರಿ ರೈಲಿನ ಸಹಪ್ರಯಾಣಿಕ, ಇವರೆಲ್ಲ ಒಂದೇ ಗುರುತನ್ನು ಒಂದೇ ರೀತಿ ಓದುವುದಿಲ್ಲ. ಓದಬೇಕಾದವರಿಗೆ ಸ್ಪಷ್ಟವಾಗಿ ಕಾಣಲಿ, ಉಳಿದ ಹೊತ್ತು ಒಳಗಿರಲಿ ಎಂಬುದು ಈ ಲೇಖನದ ವಾದ. ಅದನ್ನು ಪಾಲಿಸುವುದು ಹೇಗೆಂದು ಹೊರಡುವ ಮೊದಲಿನಿಂದ ವಾಪಸು ಬರುವವರೆಗೆ ಹಂತ ಹಂತವಾಗಿ ನೋಡಬಹುದು.

ಮೊದಲ ಹಂತ ಅಂಗಡಿಯಲ್ಲೇ ಶುರುವಾಗುತ್ತದೆ. ಬಾವುಟ ಬೇರೆ, ಬಾವುಟದ ಬಣ್ಣ ಬೇರೆ. ಬಿಳಿ ಕುರ್ತಾದ ಮೇಲೆ ಕೇಸರಿ ಶಾಲು ಹೊದ್ದರೆ ಅದು ಉಡುಪು. ಮೂರು ಪಟ್ಟಿ ಸಾಲಾಗಿ ಬಂದು ನಡುವೆ ಚಕ್ರ ಕೂತರೆ ಅದು ರಾಷ್ಟ್ರಧ್ವಜ, ಅದಕ್ಕೆ ಕಾನೂನಿದೆ. ರಾಷ್ಟ್ರೀಯ ಗೌರವಕ್ಕೆ ಅಪಮಾನ ಮಾಡುವುದನ್ನು ತಡೆಯುವ 1971ರ ಕಾಯ್ದೆಯ ಲೆಕ್ಕದಲ್ಲಿ ಯಾವ ವಸ್ತುವಿನ ಮೇಲೆ ಬಿಡಿಸಿದ ಧ್ವಜದ ಚಿತ್ರವೂ ಧ್ವಜವೇ. ಸೊಂಟದಿಂದ ಕೆಳಗೆ ತೊಡುವ ಯಾವುದರಲ್ಲೂ ಅದು ಇರಕೂಡದು. ದಿಂಬು, ಕರವಸ್ತ್ರ, ಒಳಉಡುಪು, ಉಡುಪಿನ ಬಟ್ಟೆ ಇವುಗಳ ಮೇಲೆ ಅಚ್ಚು ಹಾಕುವಂತಿಲ್ಲ, ಕಸೂತಿ ಮಾಡುವಂತಿಲ್ಲ. ತಪ್ಪಿಗೆ ಮೂರು ವರ್ಷದವರೆಗೆ ಸೆರೆವಾಸ ಇದೆ. ಹಾಗಾಗಿ ಚಕ್ರಸಮೇತ ಇಡೀ ಧ್ವಜ ಅಚ್ಚಾದ ಟೀ ಶರ್ಟಿಗಿಂತ ಮೂರು ಬಣ್ಣಗಳನ್ನು ಬೇರೆ ಬೇರೆಯಾಗಿ ಬಳಸಿದ ಉಡುಪು, ಇಲ್ಲವೇ ಎದೆಗೆ ಸಿಕ್ಕಿಸುವ ಚಿಕ್ಕ ಪಿನ್ನು ಕ್ಷೇಮ. ನಿಜವಾದ ಬಟ್ಟೆಯ ಧ್ವಜವೇ ಬೇಕೆಂದಿದ್ದರೆ ದೂರ ಹೋಗಬೇಕಿಲ್ಲ, ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಮಾನಕ ಸಂಸ್ಥೆಯ ಅಳತೆಗೆ ತಕ್ಕಂತೆ ಖಾದಿ ಧ್ವಜ ತಯಾರಾಗುತ್ತದೆ. ಧ್ವಜ ಬಳಸುವ ಸರ್ಕಾರಿ ನಿಯಮಗಳ ಸಂಗ್ರಹವಾದ ಧ್ವಜ ಸಂಹಿತೆ ಹೇಳುವ ಅತಿ ಚಿಕ್ಕ ಅಳತೆ 150×100 ಮಿಲಿಮೀಟರ್, ಮೇಜಿನ ಮೇಲಿಡುವಂಥದ್ದು. ಪ್ರವಾಸಿಗೆ ಅಷ್ಟೇ ಸಾಕು. 2021ರ ಡಿಸೆಂಬರ್‌ನಲ್ಲಿ ಸಂಹಿತೆಗೆ ತಿದ್ದುಪಡಿ ಬಂದು ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದ ತಯಾರಿಕೆಗೂ ಒಪ್ಪಿಗೆ ಸಿಕ್ಕಿದ ಮೇಲೆ ಅಗ್ಗದ ಧ್ವಜಗಳಿಗೆ ಬರವಿಲ್ಲ. ಆದರೆ ಉದ್ದ–ಅಗಲ 3:2 ಇದೆಯೇ, ಚಕ್ರದಲ್ಲಿ 24 ಅರಗಳಿವೆಯೇ ಎಂದು ನೋಡಿ ಕೊಳ್ಳುವವರು ಅಪರೂಪ.

ಚಕ್ರದ ಮಾತು ಶಾಸ್ತ್ರಕ್ಕೆ ಹೇಳಿದ್ದಲ್ಲ. ಬ್ಯಾಗಿಗೆ ಹೊಲಿಯುವ ಎರಡಿಂಚಿನ ಪಟ್ಟಿಯಲ್ಲಿ ದಾರ ಒತ್ತೊತ್ತಾಗಿ ಚಕ್ರ ಒಂದು ಚುಕ್ಕೆಯಾಗಿಬಿಡುತ್ತದೆ. ಮೇಲೆ ಕಿತ್ತಳೆ, ನಡುವೆ ಬಿಳಿ, ಕೆಳಗೆ ಹಸಿರು, ಮಧ್ಯೆ ಒಂದು ದುಂಡಗಿನ ಚುಕ್ಕೆ ಎಂದರೆ ಅದು ಪಶ್ಚಿಮ ಆಫ್ರಿಕದ ನೈಜರ್ ದೇಶದ ಬಾವುಟವೂ ಹೌದು, ಅವರ ಚುಕ್ಕೆ ಕಿತ್ತಳೆ ಬಣ್ಣದ್ದು ಅಷ್ಟೆ. ನಮ್ಮ ಧ್ವಜವನ್ನು ಉದ್ದುದ್ದಕ್ಕೆ ಇಳಿಬಿಡುವಾಗ ನೋಡುವವರ ಎಡಕ್ಕೆ ಕೇಸರಿ ಬರಬೇಕೆಂಬುದು ಸಂಹಿತೆಯ ನಿಯಮ. ಚಕ್ರ ಮಸುಕಾಗಿದ್ದರೆ ಅದೇ ಬಾವುಟ ದೂರದಿಂದ ಐವರಿ ಕೋಸ್ಟ್‌ನದಂತೆ ಕಾಣುತ್ತದೆ, ಎಡಬಲ ಅದಲುಬದಲಾದರೆ ಐರ್ಲೆಂಡಿನದಂತೆ. ಓದಲಾಗದ ಗುರುತಿನಿಂದ ಹೊತ್ತವರಿಗೂ ನೋಡಿದವರಿಗೂ ಪ್ರಯೋಜನವಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ. 1971ರ ಕಾಯ್ದೆ ಜಾರಿಯಲ್ಲಿರುವುದು ಭಾರತದೊಳಗೆ, ಮೆಲ್ಬರ್ನ್‌ನಲ್ಲೋ ಬ್ಯಾಂಕಾಕ್‌ನಲ್ಲೋ ಯಾರು ಕೇಳುತ್ತಾರೆ ಎಂದು. ಕೇಳುವವರಿಲ್ಲ ಎಂಬುದು ಸರಿಯೇ. ಆದರೆ ಧ್ವಜವನ್ನು ಹೊರದೇಶಕ್ಕೆ ಒಯ್ಯುವುದೇ ಗೌರವ ತೋರಿಸಲು ಎಂದಾದ ಮೇಲೆ, ಪೊಲೀಸರಿಲ್ಲದ ಕಡೆ ಗೌರವದ ನಿಯಮ ಬಿಟ್ಟುಬಿಡುತ್ತೇನೆ ಎನ್ನುವ ವಾದ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತೆ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ನಮ್ಮ ಕಾನೂನು ಕೈಬಿಟ್ಟ ಕಡೆ ಅವರ ಕಾನೂನು ಶುರುವಾಗುತ್ತದೆ.

ಆದ್ದರಿಂದ ಎರಡನೆಯ ಹಂತ, ಹೋಗುವ ದೇಶದ ನಿಯಮ ತಿಳಿದುಕೊಳ್ಳುವುದು. ಕನ್ನಡಿಗರು ಪಕ್ಕದೂರಿಗೆ ಹೋಗಿ ಬಂದಂತೆ ಹೋಗಿ ಬರುವ ಸಿಂಗಪುರದಲ್ಲಿ ಪರದೇಶಗಳ ರಾಷ್ಟ್ರಲಾಂಛನಗಳನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದನ್ನು ನಿಯಂತ್ರಿಸುವ ಕಾಯ್ದೆ 1949ರಿಂದ ಇದೆ. ಅನುಮತಿ ಇಲ್ಲದೆ ತೋರಿಸಿದರೆ ಆರು ತಿಂಗಳವರೆಗೆ ಸೆರೆ, 500 ಸಿಂಗಪುರ ಡಾಲರ್‌ವರೆಗೆ ದಂಡ. 2023ರ ನವೆಂಬರ್‌ನಲ್ಲಿ, ಇಸ್ರೇಲ್–ಹಮಾಸ್ ಯುದ್ಧದ ಹೊತ್ತಿಗೆ, ಅಲ್ಲಿನ ಗೃಹ ಸಚಿವಾಲಯ ಈ ಕಾಯ್ದೆಯನ್ನು ಜನರಿಗೆ ಮತ್ತೆ ನೆನಪಿಸಿತು. ನಾನಾ ಜನಾಂಗಗಳ ಪುಟ್ಟ ನಗರ, ಪರದೇಶದ ಜಗಳ ತನ್ನ ಬೀದಿಗೆ ಇಳಿಯಬಾರದು ಎಂಬ ಎಚ್ಚರ ಅದರದ್ದು. ಬಾವುಟದ ಅರ್ಥ ರಾತ್ರೋರಾತ್ರಿ ಬದಲಾಗುವುದೂ ಉಂಟು. 2023ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಟೆನಿಸ್ ನಡೆಯುತ್ತಿರುವಾಗಲೇ ರಷ್ಯ ಮತ್ತು ಬೆಲಾರುಸ್ ಬಾವುಟಗಳನ್ನು ಅಂಗಳದಿಂದ ಹೊರಗಿಡಲಾಯಿತು. ಟೂರ್ನಿ ಶುರುವಾದ ದಿನ ಇಲ್ಲದಿದ್ದ ನಿಷೇಧ ಮರುದಿನ ಬಂದಿತ್ತು.

ಬಾವುಟಕ್ಕಿಂತ ಭೂಪಟದ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು. ಭಾರತದ ನಕ್ಷೆ ಇರುವ ಟೀ ಶರ್ಟು ನಮ್ಮ ಕಣ್ಣಿಗೆ ದೇಶಪ್ರೇಮದ ಚಿತ್ರ, ಗಡಿ ತಕರಾರು ಇರುವ ದೇಶದ ಕಸ್ಟಮ್ಸ್ ಅಧಿಕಾರಿಯ ಕಣ್ಣಿಗೆ ಅದೊಂದು ವಾದ. 2019ರಲ್ಲಿ ಚೀನಾದ ಚಿಂಗ್ಡಾವ್ ಬಂದರು ನಗರದಲ್ಲಿ ಸುಮಾರು 30,000 ಭೂಪಟಗಳನ್ನು ಕಸ್ಟಮ್ಸ್‌ನವರು ನಾಶಮಾಡಿದರು. ತೈವಾನನ್ನು ಬೇರೆ ದೇಶವೆಂದು ತೋರಿಸಿದ್ದು ಒಂದು ಕಾರಣ, ಭಾರತ–ಚೀನಾ ಗಡಿಯನ್ನು ಅವರು ಒಪ್ಪದ ರೀತಿಯಲ್ಲಿ ಬರೆದದ್ದು ಇನ್ನೊಂದು. ಇಂಥ ಕಡೆಗೆ ಹೋಗುವವರು ನಕ್ಷೆಯ ಟೀ ಶರ್ಟನ್ನು ಮನೆಯಲ್ಲೇ ಬಿಡಲಿ. ಇನ್ನು, ಕೆರಿಬಿಯನ್ ಕಡೆಗೆ ಕ್ರಿಕೆಟ್ ನೋಡಲು ಹೋಗುವವರು ತ್ರಿವರ್ಣದ ಟೋಪಿಯ ಜೊತೆ ಸೇನಾ ಮಾದರಿಯ ಮಚ್ಚೆ ಬಣ್ಣದ ಪ್ಯಾಂಟು ತೊಟ್ಟರೆ ತೊಂದರೆ ಬರುವುದು ಟೋಪಿಯಿಂದಲ್ಲ. ಬಾರ್ಬಡೋಸ್‌ನಲ್ಲಿ ಸೇನೆಗೆ ಸೇರದವರು ಆ ಬಟ್ಟೆ ಹಾಕುವುದು ಅಪರಾಧ.

ಮೂರನೆಯ ಹಂತವೇ ಎಲ್ಲಕ್ಕಿಂತ ಮುಖ್ಯ. ಕಾಗದದ ಗುರುತನ್ನು ಸರಿಮಾಡಿಕೊಳ್ಳುವುದು. ಪರದೇಶದಲ್ಲಿ ಭಾರತೀಯತೆಗೆ ಕಾನೂನಿನ ಬಲ ಬರುವುದು ನೀಲಿ ಹೊದಿಕೆಯ ಪಾಸ್‌ಪೋರ್ಟಿನಿಂದ ಮಾತ್ರ. ಪಾಸ್‌ಪೋರ್ಟ್ ನಮ್ಮ ಕೈಲಿದ್ದರೂ ಅದರ ಮಾಲೀಕತ್ವ ಭಾರತ ಸರ್ಕಾರದ್ದೆಂದು 1967ರ ಪಾಸ್‌ಪೋರ್ಟ್ ಕಾಯ್ದೆ ಹೇಳುತ್ತದೆ. ಬಾಡಿಗೆ ಸ್ಕೂಟರಿಗೆ, ಹೋಟೆಲ್ ಬಿಲ್ಲಿಗೆ ಅದನ್ನು ಅಡವಿಡುವ ಹಕ್ಕೇ ನಮಗಿಲ್ಲ. ಕೇಳಿದರೆ ಜೆರಾಕ್ಸ್ ಕೊಡಬೇಕು, ಇಲ್ಲವೇ ಹಣದ ಠೇವಣಿ. ಬಂಧನವಾದರೆ ತಮ್ಮ ದೇಶದ ದೂತಾವಾಸಕ್ಕೆ ಸುದ್ದಿ ಮುಟ್ಟಿಸಿ ಎಂದು ಕೇಳುವ ಹಕ್ಕನ್ನು 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿ ಕೊಡುತ್ತದೆ. ಅದನ್ನು ಬಾಯಿಬಿಟ್ಟು ಕೇಳಬೇಕು, ಎದೆಯ ಮೇಲಿನ ಪಿನ್ನು ಆ ಕೆಲಸ ಮಾಡುವುದಿಲ್ಲ. ಹೋಗುವ ದೇಶದ ಭಾರತೀಯ ರಾಯಭಾರ ಕಚೇರಿಯ ತುರ್ತು ನಂಬರನ್ನು ಫೋನಿನಲ್ಲೂ, ಫೋನು ಕಳೆದರೆ ಇರಲೆಂದು ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ. ಹೆಚ್ಚು ದಿನ ತಂಗುವವರು ಅಲ್ಲಿ ಹೆಸರು ನೋಂದಾಯಿಸಲಿ. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್ ದೂರು ಕೊಡಲೆಂದೇ 2015ರಿಂದ ಇದೆ. ಓಸಿಐ ಕಾರ್ಡಿನವರು, ಅಂದರೆ ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರು, ಒಂದು ಮಾತು ನೆನಪಿಡಬೇಕು. ಮೂರನೆಯ ದೇಶದಲ್ಲಿ ಕಷ್ಟ ಬಂದರೆ ಬಾಗಿಲು ತಟ್ಟಬೇಕಾದದ್ದು ಪಾಸ್‌ಪೋರ್ಟ್ ಕೊಟ್ಟ ದೇಶದ ಕಚೇರಿಯನ್ನು. ಎದೆಯ ಮೇಲೆ ಯಾವ ಬಾವುಟವಿದೆ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ.

ಪಟ್ಟಿಯಲ್ಲಿ ಹೆಸರಿರುವುದರ ಬೆಲೆ ಸುಡಾನಿನಲ್ಲಿ ಕಂಡಿತು. 2023ರ ಏಪ್ರಿಲ್‌ನಲ್ಲಿ ಅಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಕಾಳಗ ಶುರುವಾದಾಗ ಸಿಕ್ಕಿಬಿದ್ದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರಿದ್ದರು. ಗಿಡಮೂಲಿಕೆ, ತೈಲ ಮಾರಲು ಹೋದವರು. ಇಂಥ ಹೊತ್ತಿನಲ್ಲಿ ಎಷ್ಟು ಮಂದಿ, ಯಾವ ಊರಿನಲ್ಲಿ, ಯಾವ ನಂಬರಿಗೆ ಸಿಗುತ್ತಾರೆ ಎಂಬುದು ರಾಯಭಾರ ಕಚೇರಿಗೆ ಗೊತ್ತಾಗದೆ ಬಸ್ಸೂ ಬರುವುದಿಲ್ಲ, ಹಡಗೂ ಬರುವುದಿಲ್ಲ. ‘ಆಪರೇಷನ್ ಕಾವೇರಿ’ ಎಂದು ನಮ್ಮ ಹೊಳೆಯ ಹೆಸರಿಟ್ಟುಕೊಂಡ ಆ ಕಾರ್ಯಾಚರಣೆಯಲ್ಲಿ 3,800ಕ್ಕೂ ಹೆಚ್ಚು ಭಾರತೀಯರು ಪೋರ್ಟ್ ಸುಡಾನ್ ಮತ್ತಿತರ ದಾರಿಗಳಿಂದ ಮನೆ ಸೇರಿದರು.

‘ಹಾಗಾದರೆ ಯುಕ್ರೇನಿನಲ್ಲಿ ಬಾವುಟವೇ ಜೀವ ಉಳಿಸಲಿಲ್ಲವೇ?’ ಇದು ಈ ವಾದಕ್ಕೆ ಎದುರಾಗುವ ಅತಿ ಗಟ್ಟಿ ಪ್ರಶ್ನೆ. 2022ರ ಫೆಬ್ರವರಿ ಕೊನೆಯಲ್ಲಿ, ರಷ್ಯ ದಾಳಿ ಮಾಡಿದಾಗ ಅಲ್ಲಿಂದ ಗಡಿಯತ್ತ ಹೊರಟ ಭಾರತೀಯ ವಿದ್ಯಾರ್ಥಿಗಳು ಭಾರತದ ಬಾವುಟವನ್ನು ಪ್ರಿಂಟ್ ತೆಗೆದು ಬಸ್ಸು, ವಾಹನಗಳ ಮೇಲೆ ಎದ್ದು ಕಾಣುವಂತೆ ಅಂಟಿಸಿಕೊಳ್ಳಿ ಎಂದು ನಮ್ಮ ಅಧಿಕಾರಿಗಳೇ ಸೂಚನೆ ಕೊಟ್ಟಿದ್ದರು. ಬೇರೆ ದೇಶದ ವಿದ್ಯಾರ್ಥಿಗಳೂ ತ್ರಿವರ್ಣ ಹಿಡಿದು ಚೌಕಿಗಳನ್ನು ದಾಟಿದ ಸುದ್ದಿ ಆಗ ಎಲ್ಲೆಡೆ ಬಂದಿತ್ತು. ಬಾವುಟ ಕೆಲಸ ಮಾಡಿದ್ದು ನಿಜ. ಆದರೆ ಹೇಗೆ ಮಾಡಿತೆಂದು ನೋಡಬೇಕು. ಬಂದೂಕು ಹಿಡಿದ ಎರಡೂ ಕಡೆಯವರೊಂದಿಗೆ ದಿಲ್ಲಿ ಮಾತಾಡಿತ್ತು. ಭಾರತ ಯುದ್ಧದಲ್ಲಿ ಯಾರ ಪಕ್ಷವನ್ನೂ ವಹಿಸಿರಲಿಲ್ಲ. ಚೌಕಿಯಲ್ಲಿ ನಿಂತ ಸೈನಿಕನಿಗೆ ‘ಈ ಬಸ್ಸಿನಲ್ಲಿರುವವರು ನಿಮ್ಮ ಶತ್ರುಗಳಲ್ಲ’ ಎಂಬ ಒಂದೇ ಒಂದು ಮಾತು ತಿಳಿಸಬೇಕಿತ್ತು, ಗಾಜಿಗೆ ಅಂಟಿಸಿದ ಕಾಗದ ಅದನ್ನು ತಿಳಿಸಿತು. ಓದುವವರು ಯಾರು, ಓದಿ ಅವರೇನು ಮಾಡಬೇಕು, ಎರಡೂ ಗೊತ್ತಿದ್ದ ಕಾಗದ ಅದು. ಬಾವುಟ ಯಾವಾಗ ಹೊರಗೆ ಬರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಅದೇ ಗುರುತು ರಕ್ಷೆಯೆಂದು ಎಲ್ಲೆಡೆ ನಂಬುವುದು ತಪ್ಪು. 2017ರ ಫೆಬ್ರವರಿಯಲ್ಲಿ ಅಮೆರಿಕದ ಕಾನ್ಸಸ್ ರಾಜ್ಯದ ಓಲೇಥ ಪಟ್ಟಣದ ಬಾರೊಂದರಲ್ಲಿ ಭಾರತೀಯ ಎಂಜಿನಿಯರೊಬ್ಬರನ್ನು ಗುಂಡಿಟ್ಟು ಕೊಂದವನು, ತಾನು ಇರಾನಿಗಳಿಗೆ ಗುಂಡು ಹೊಡೆದೆ ಎಂದುಕೊಂಡಿದ್ದ. ದ್ವೇಷ ತುಂಬಿದ ಕಣ್ಣು ಬಾವುಟ ಓದುವುದಿಲ್ಲ, ಮೈಬಣ್ಣ ಓದುತ್ತದೆ, ಅದನ್ನೂ ತಪ್ಪಾಗಿ. ಹಾಗೆಂದ ಮಾತ್ರಕ್ಕೆ ಬಾವುಟ ಒಳಗಿಡುವುದು ಹೆದರಿಕೆಯೋ ನಾಚಿಕೆಯೋ ಆಗುವುದಿಲ್ಲ. ಧ್ವಜ ಹಾರಿಸುವುದು ನಾಗರಿಕರ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ನವೀನ್ ಜಿಂದಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2004ರ ಜನವರಿಯಲ್ಲಿ ಹೇಳಿತು, ನಿಯಮಗಳಿಗೆ ಒಳಪಟ್ಟು ಎಂಬ ಮಾತನ್ನೂ ಸೇರಿಸಿತು. ಹಕ್ಕು ಇದೆ. ಅದನ್ನು ದಿನದ 24 ಗಂಟೆಯೂ ಚಲಾಯಿಸಲೇಬೇಕೆಂಬ ಕಟ್ಟಳೆ ಇಲ್ಲ. ಸರತಿ ಸಾಲು ಮುರಿಯುವ ಹೊತ್ತಿಗೆ ಎದೆಯ ಮೇಲೆ ಧ್ವಜವಿದ್ದರಂತೂ ನಾಲ್ಕು ಜನ ನೋಡುವುದು ನುಗ್ಗಿದವರ ಮುಖವನ್ನಲ್ಲ.

ನಾಲ್ಕನೆಯ ಹಂತ ಸಂಭ್ರಮದ್ದು. ಕ್ರಿಕೆಟ್ ಮೈದಾನ, ಸ್ವಾತಂತ್ರ್ಯ ದಿನದ ಮೆರವಣಿಗೆ, ಕನ್ನಡ ಕೂಟದ ರಾಜ್ಯೋತ್ಸವ, ಇಲ್ಲೆಲ್ಲ ಗುರುತು ಧಾರಾಳವಾಗಿ ಹೊರಬರಲಿ. ಅಲ್ಲಿ ನೆರೆದವರು ಬಂದಿರುವುದೇ ಅದನ್ನು ನೋಡಲು. ಮೈದಾನಕ್ಕೆ ಹೋಗುವವರು ಟಿಕೆಟಿನ ನಿಯಮದಲ್ಲಿ ಕೋಲಿನ, ಬಾವುಟದ ಅಳತೆಯ ಸಾಲನ್ನು ಓದಿಕೊಳ್ಳಬೇಕು. ಮಡಚಿ ಬ್ಯಾಗಿಗೆ ಹಾಕಬಹುದಾದ, ಕೋಲಿಲ್ಲದ ಬಟ್ಟೆಗೆ ಸಾಮಾನ್ಯವಾಗಿ ತಕರಾರು ಬರುವುದಿಲ್ಲ. ಟೀವಿ ಕ್ಯಾಮೆರಾ ತಿರುಗಿದಾಗಲೆಲ್ಲ ಕಾಣುವ ತಪ್ಪು ಒಂದಿದೆ. ಧ್ವಜದ ಬಿಳಿ ಪಟ್ಟಿಯ ಮೇಲೆ, ಚಕ್ರದ ಎಡಬಲಕ್ಕೆ, ದಪ್ಪ ಮಾರ್ಕರಿನಲ್ಲಿ ಬರೆದ ಊರಿನ ಹೆಸರು. ಊರಿನ ಮೇಲಿನ ಪ್ರೀತಿ ದೊಡ್ಡದೇ. ಆದರೆ ಧ್ವಜದ ಮೇಲೆ ಒಂದಕ್ಷರವನ್ನೂ ಬರೆಯಬಾರದು. ಬೇರೆ ಬಿಳಿ ಬಟ್ಟೆಯಲ್ಲಿ ದಾವಣಗೆರೆ ಎಂದು ಎಷ್ಟು ದೊಡ್ಡದಾಗಿ ಬೇಕಾದರೂ ಬರೆದು ಪಕ್ಕದಲ್ಲಿ ಹಿಡಿಯಬಹುದು. ಹಳದಿ–ಕೆಂಪು ಕನ್ನಡ ಬಾವುಟಕ್ಕೆ ಅಧಿಕೃತ ಧ್ವಜವೆಂಬ ಸ್ಥಾನ ಸಿಕ್ಕಿಲ್ಲವಾದರೂ ಅದನ್ನು ಹಿಡಿಯಲು ಅಡ್ಡಿ ಇಲ್ಲ. ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಿ ಕಟ್ಟಬಾರದು, ಎರಡನ್ನೂ ಒಂದೇ ಕಂಬಕ್ಕೆ ಏರಿಸಬಾರದು ಅಷ್ಟೆ.

ತಮ್ಮ ಗುರುತಿಗೆ ಮರ್ಯಾದೆ ಬಯಸುವವರು ಅಲ್ಲಿಯವರ ಗುರುತಿಗೂ ಅದನ್ನು ಕೊಡಬೇಕಾಗುತ್ತದೆ. ಥಾಯ್ಲೆಂಡಿನ ರೈಲು ನಿಲ್ದಾಣ, ಉದ್ಯಾನಗಳಲ್ಲಿ ಬೆಳಗ್ಗೆ 8ಕ್ಕೆ, ಸಂಜೆ 6ಕ್ಕೆ ರಾಷ್ಟ್ರಗೀತೆ ಮೊಳಗಿದಾಗ ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ, ಸೆಲ್ಫಿ ಕೋಲು ಕೆಳಗಿಳಿಸಿ ನಾವೂ ನಿಲ್ಲಬೇಕು. ಸೌದಿ ಅರೇಬಿಯದ ಧ್ವಜದ ಮೇಲಿರುವುದು ಅವರ ಧರ್ಮದ ಪ್ರಮಾಣವಚನ, ಅದು ಅಚ್ಚಾದ ಟೀ ಶರ್ಟನ್ನು ನೆನಪಿಗೆಂದು ಕೊಂಡು ತೊಡುವುದು ಬೇಡ.

ಕಡೆಯ ಹಂತವನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಪಂದ್ಯ ಮುಗಿದ ಮೇಲೆ ಸೀಟಿನ ಕೆಳಗೆ ಉಳಿಯುವ ಕಾಗದದ ಬಾವುಟಗಳು. ಕಾಗದದ ಧ್ವಜವನ್ನು ನೆಲಕ್ಕೆ ಬಿಸಾಡಬಾರದು, ಖಾಸಗಿಯಾಗಿ ಗೌರವದಿಂದ ವಿಲೇವಾರಿ ಮಾಡಬೇಕು ಎನ್ನುತ್ತದೆ ಸಂಹಿತೆ. ಹರಿದ, ಮಾಸಿದ ಬಟ್ಟೆಯ ಧ್ವಜವನ್ನು ಯಾರಿಗೂ ಕಾಣದಂತೆ, ಆದಷ್ಟೂ ಸುಟ್ಟು, ಇಡಿಯಾಗಿ ಇಲ್ಲವಾಗಿಸಬೇಕು ಎಂದೂ ಹೇಳುತ್ತದೆ. ಈ ಎರಡನೆಯ ಮಾತನ್ನು ಹೋಟೆಲ್ ಕೋಣೆಯಲ್ಲಿ ಪಾಲಿಸಲು ಹೊರಟರೆ ಮೊದಲು ಹೊಗೆಯ ಅಲಾರಂ ಕೂಗುತ್ತದೆ, ಆಮೇಲೆ ಬಾಗಿಲಿಗೆ ಬಂದವರಿಗೆ ಇದು ಗೌರವ, ಪ್ರತಿಭಟನೆ ಅಲ್ಲ ಎಂದು ವಿವರಿಸುವುದು ಕಷ್ಟ. ಎರಡು ಅಂಗಿಗಳ ನಡುವೆ ಮಡಚಿ ಮನೆಗೆ ತನ್ನಿ.